ನುಂಗುವುದರಲ್ಲಿ ಗೆದ್ದವನು

ಕುಣಿಗಲ್ಲಿನ ಪುಟ್ಟರಂಗಯ್ಯನಿಗೆ ಮುದ್ದೆ ಅಗಿದು ತಿನ್ನುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಸಾರಿನಲ್ಲಿ ಅದ್ದಿ ಗುಳುಂ ಅಂತ ಇಳಿಸುವವನೇ ಗಂಡಸು, ಉಳಿದವರೆಲ್ಲ ದಂಡಪಿಂಡಗಳು ಎನ್ನುವುದು ಅವನ ವಾದ. ಗುಬ್ಬಿಯಲ್ಲಿ ಒಮ್ಮೆ ಮುದ್ದೆ ನುಂಗುವ ಪಂದ್ಯ ಗೆದ್ದಿದ್ದ. ಬೇರೆ ಸಾಧನೆ ಏನೂ ಇರಲಿಲ್ಲವಲ್ಲ, ಅದನ್ನೇ ಜನ್ಮಪೂರ್ತಿ ಕೊಚ್ಚಿಕೊಂಡ. ಮಗಳು ಪ್ರಮೀಳಾಳ ಬೀಗರೂಟದಲ್ಲಿ ಶೆಟ್ಟಿಹಳ್ಳಿಯ ಅಳಿಯ ಚಂದ್ರು ಮುದ್ದೆ ಅಗಿಯುತ್ತಿದ್ದುದನ್ನು ಕಂಡು, ತುಂಬಿದ ಪಂಕ್ತಿಯಲ್ಲೇ ನಕ್ಕಿದ್ದ.

"ಏನ್ ಅಳಿಯಂದ್ರೇ, ಕೂಸಿನಂಗೆ ಬಾಯಲ್ಲೇ ಇಟ್ಕೊಂಡಿದೀರಲ್ಲ! ನುಂಗಾಕೆ ಬರಾಕಿಲ್ವಾ?"

ಆಮೇಲೆ ಮಾವನ ಮನೆಯಲ್ಲಿ ಚಂದ್ರು ಮುದ್ದೆ ಮುಟ್ಟಲಿಲ್ಲ.

ಅಂಥ ಬಾಯಿಗೇ ಕ್ಯಾನ್ಸರ್ ಬಂತು. ನಾಲಿಗೆಯ ಒಂದು ಪಕ್ಕ ಕತ್ತರಿಸಿದರು, ರೇಡಿಯೇಷನ್ ಕರೆಂಟು ಕೊಟ್ಟರು, ಮೂಗಿಗೆ ನಳಿಕೆ ತೂರಿಸಿ ಅದರಲ್ಲಿ ಗಂಜಿ ಬಿಟ್ಟರು. ಚಿಕಿತ್ಸೆ ಮುಗಿದ ಮೇಲೆ ಮಗಳ ಮನೆಯಲ್ಲೇ ಉಳಿದ ಅವನಿಗೆ ಬೇಕಾಗಿದ್ದದ್ದು ಒಂದೇ: ಆ ನಳಿಕೆ ಕಿತ್ತು ಬಾಯಿಂದ ಉಣ್ಣಬೇಕು.

ಚಂದ್ರು ಅವನನ್ನು ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ನುಂಗುವುದನ್ನು ಪರೀಕ್ಷಿಸುವ ಅನುಪಮಾ ಒಂದು ಚಮಚ ಮೊಸರು ಕೊಟ್ಟು, ಕುತ್ತಿಗೆಯ ಮೇಲೆ ಬೆರಳಿಟ್ಟಳು. ಗುಬ್ಬಿ ಗೆದ್ದವನಿಗೆ ಈ ಹುಡುಗಿ ಮೊಸರಿನ ಪರೀಕ್ಷೆ ಇಡುತ್ತಾಳಂತೆ! ಪುಟ್ಟರಂಗಯ್ಯ ಗದ್ದ ಎತ್ತಿ, ಗಂಟಲು ಕುಣಿಸಿ, "ನುಂಗ್ದೆ. ನಳಿಕೆ ತೆಗೀರಿ," ಎಂದ.

"ಬಾಯಿ ತೆಗೀರಿ," ಎಂದು ಅವಳು ಟಾರ್ಚ್ ಬಿಟ್ಟಳು. ಮೊಸರೆಲ್ಲ ಎಡ ದವಡೆಯ ಸಂದಿಯಲ್ಲಿ ಹಾಗೇ ಕೂತಿತ್ತು. ಕತ್ತರಿಸಿದ ನಾಲಿಗೆಗೆ ಅದನ್ನು ಹಿಂದಕ್ಕೆ ತಳ್ಳುವ ಶಕ್ತಿ ಇರಲಿಲ್ಲ. ಸುಳ್ಳು ಹೇಳುವ ಶಕ್ತಿ ಮಾತ್ರ ಚೆನ್ನಾಗಿತ್ತು.

"ಇದು ಉಸಿರಿನ ದಾರಿಗೆ ಇಳಿದ್ರೆ ನ್ಯುಮೋನಿಯಾ ಆಗತ್ತೆ. ಗದ್ದ ಬಗ್ಗಿಸಿ, ಒಂದು ತುತ್ತಿಗೆ ಎರಡು ಸಲ ನುಂಗ್ಬೇಕು. ಬಾಯಿ ಖಾಲಿ ಆಯ್ತಾ ಅಂತ ಮನೇಲಿ ಯಾರಾದ್ರೂ ನೋಡ್ಬೇಕು. ಇದು ಸರಿಹೋಗೋವರೆಗೂ ನಳಿಕೆ ತೆಗಿಯಲ್ಲ."

"ನಾನ್ ನೋಡ್ತೀನಿ ಮೇಡಂ," ಎಂದ ಚಂದ್ರು.

"ಮುದ್ದೆ ಅಗಿಯೋನು ನಂಗೆ ನುಂಗೋದ್ ಕಲುಸ್ತಾನಂತೆ," ಎಂದು ಪುಟ್ಟರಂಗಯ್ಯ ಮನೆಗೆ ಬಂದು ಮಗಳ ಮುಂದೆ ಉರಿದುಬಿದ್ದ. ಮಧ್ಯಾಹ್ನ ಮೊದಲ ಚಮಚಕ್ಕೇ ಮತ್ತೆ ಅದೇ ನಾಟಕ ಆಡಿದ. ಚಂದ್ರು ಟಾರ್ಚ್ ಬಿಟ್ಟು ದವಡೆ ನೋಡಿದ.

"ಏನ್ ಮಾವ, ಕೂಸಿನಂಗೆ ಬಾಯಲ್ಲೇ ಇಟ್ಕೊಂಡಿದೀರಲ್ಲ."

ಒಲೆಯ ಮುಂದಿದ್ದ ಪ್ರಮೀಳಾ ತಿರುಗಿ ನೋಡಿದಳು, ಗಂಡನನ್ನು ತಡೆಯಲಿಲ್ಲ. ಮುದುಕನ ಕಿವಿ ಬಿಸಿಯಾಯಿತು. ತಾನೇ ಆಡಿದ ಮಾತು; ಯಾರ ಮೇಲೆ ಜಗಳಕ್ಕೆ ಹೋಗುವುದು? ಅಳಿಯನ ಮೇಲೆ ಅಸಹ್ಯ, ಮೊಸರಿನ ಮೇಲೆ ಅಸಹ್ಯ, ಎಲ್ಲಕ್ಕಿಂತ ತನ್ನ ಗಂಟಲಿನ ಮೇಲೇ ಅಸಹ್ಯ ಹುಟ್ಟಿತು. ಆದರೂ ಗದ್ದ ಬಗ್ಗಿಸಿದ. ನುಂಗಿದ. ಮತ್ತೆ ನುಂಗಿದ. ಕೇಳುವ ಮುಂಚೆಯೇ ಬಾಯಿ ತೆರೆದು ಅಳಿಯನ ಟಾರ್ಚಿಗೆ ಹಿಡಿದ.

ಚಂದ್ರು ದವಡೆಯ ಸಂದಿಯನ್ನೆಲ್ಲ ನೋಡಿ, "ಖಾಲಿ," ಎಂದ.

ಪುಟ್ಟರಂಗಯ್ಯನ ಕಣ್ಣು ತುಂಬಿತು. ಗುಬ್ಬಿಯಲ್ಲಿ ಗೆದ್ದಾಗಲೂ ಇಷ್ಟು ಹಿಗ್ಗಿರಲಿಲ್ಲ.

"ಇನ್ನೊಂದ್ ಚಮಚ ಹಾಕಪ್ಪಾ," ಎಂದು ಅಂಗಲಾಚಿದ.

"ಮೊದ್ಲು ಗದ್ದ ಬಗ್ಗುಸಿ," ಎಂದ ಚಂದ್ರು.