ಸ್ಪ್ರೂಸ್ ಬೊಡ್ಡೆಯ ಬಿಳಿ ಅಣಬೆ

ಕಾಡಿನಲ್ಲಿ ತಾನಾಗಿ ಬೆಳೆಯುವ ಚಿಪ್ಪಣಬೆ ಎಲ್ಲಿ, ಯಾವ ಮರದ ಮೇಲೆ ಕಂಡಿತೆಂದು ಫೋಟೊ ಸಮೇತ ದಾಖಲಿಸುವ ಹವ್ಯಾಸಿಗಳ ಗುಂಪೊಂದರಲ್ಲಿ ನಾನಿದ್ದೇನೆ. ಆ ಶನಿವಾರ ಬೆಳಿಗ್ಗೆ ಊರ ಹೊರಗಿನ ವಿಕ್ಲೋ ಬೆಟ್ಟದ ಕಾಡಿಗೆ ಗೆಳತಿಯೂ ಜೊತೆಗೆ ಬಂದಿದ್ದಳು. ಅವಳಿಗೆ ಆಸಕ್ತಿಯಿದ್ದದ್ದು ದಾಖಲೆಯಲ್ಲಲ್ಲ, ಪಲ್ಯದಲ್ಲಿ.

ಬಿದ್ದ ಬೀಚ್ ಮರದ ಮೇಲೆ ಬೂದು ಬಣ್ಣದ ಚಿಪ್ಪಣಬೆ ಗೊಂಚಲಾಗಿ ಎದ್ದಿತ್ತು. ಅನುಮಾನಕ್ಕೆ ಎಡೆಯಿರಲಿಲ್ಲ. ಅವಳು ಸ್ವಲ್ಪ ಕಿತ್ತು ಬಟ್ಟೆಚೀಲಕ್ಕೆ ಹಾಕಿಕೊಂಡಳು. ಇನ್ನೂ ಮೇಲೆ ಹತ್ತಿದಾಗ, ಸೂಜಿಯೆಲೆಯ ಸ್ಪ್ರೂಸ್ ಮರದ ಪಾಚಿಗಟ್ಟಿದ ಬೊಡ್ಡೆಯ ಮೇಲೆ ತೆಳ್ಳಗೆ, ಹಾಲಿನಷ್ಟು ಬೆಳ್ಳಗಿದ್ದ ಇನ್ನೊಂದು ಗುಂಪು. ನೋಡಲು ಚಿಪ್ಪಣಬೆಯಂತೆಯೇ, ಆದರೆ ಬೇರೆ ಜಾತಿ. ಮೂತ್ರಪಿಂಡ ದುರ್ಬಲವಾಗಿದ್ದವರು ಅದನ್ನು ತಿಂದು ಸತ್ತದ್ದುಂಟು.

"ಇದು ಬೇಡ ಕಣೆ, ಮುಟ್ಬೇಡ" ಎಂದು ನಾನು ಫೋಟೊ ತೆಗೆಯಲು ಮಂಡಿಯೂರಿದೆ. ಗಾಳಿಗೆ ಇಡೀ ಕಾಡು ಮೊರೆಯುತ್ತಿತ್ತು. ಹಿಂದಿನಿಂದ, "ಸರಿ" ಎನ್ನಲು ಇಲ್ಲಿಯವರು ಹೇಳುವ ಹಾಗೆ, "ಗ್ರ್ಯಾಂಡ್!" ಎಂಬ ಅವಳ ಉತ್ತರ ಕೇಳಿಸಿತು.

ಮಧ್ಯಾಹ್ನ ಆಡಮ್ಸ್‌ಟೌನಿನ ನನ್ನ ಮನೆಯಲ್ಲಿ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಒಂದರ ಮೂಲೆಯಲ್ಲಿ ಅವಳ ಚೀಲ ಬಾಯಿ ತೆರೆದುಕೊಂಡಿತ್ತು. ಬೂದು ಅಣಬೆಗಳ ಮೇಲೆ ತೆಳ್ಳನೆಯ ಬಿಳಿಯವು.

ಮೈಸೂರಿನಿಂದ ಬಂದ ಅವಳ ತಂದೆ ನಗರದ ಇನ್ನೊಂದು ತುದಿಯ ಸ್ಯಾಂಟ್ರಿಯ ಅಪಾರ್ಟ್‌ಮೆಂಟಿನಲ್ಲಿ ಅವಳ ಜೊತೆಗಿದ್ದರು. ಅವರಿಗೆ ಕಿಡ್ನಿ ತೊಂದರೆ. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಕೊನೆಗೆ ಕಾರು ಹತ್ತಿದೆ. ಮೋಟರ್‌ವೇಯಲ್ಲಿ ವಾಹನಗಳು ತೆವಳುತ್ತಿದ್ದವು. ಸ್ಪೀಕರಿನಲ್ಲಿ ಅವಳ ಫೋನು ಸುಮ್ಮನೆ ರಿಂಗಾಗುತ್ತಲೇ ಇತ್ತು.

ಬಾಗಿಲು ತೆರೆದವರು ಅವಳ ತಂದೆಯೇ. ಒಳಗಿನಿಂದ ಒಗ್ಗರಣೆಯ ಘಮ.

"ಬಾಮ್ಮ, ನಂದು ಈಗ ತಾನೇ ಊಟ ಆಯ್ತು. ಅವಳದಿನ್ನೂ ಇಲ್ಲ, ಸ್ನಾನಕ್ಕೆ ಹೋಗಿದಾಳೆ."

"ಅಂಕಲ್, ಅಣಬೆ ತಿಂದ್ರಾ?"

"ಎರಡು ಸಲ ಹಾಕಿಸ್ಕೊಂಡೆ. ಯಾಕಮ್ಮ?"

ಗೆಳತಿ ತಲೆಗೆ ಟವೆಲ್ ಸುತ್ತಿಕೊಂಡು ಸ್ನಾನದ ಮನೆಯಿಂದ ಬಂದಳು.

"ಆ ಬಿಳೀದೂ ಹಾಕಿದ್ಯಾ?"

"ಸ್ವಲ್ಪ ಇತ್ತು, ಹಾಕ್ದೆ. ತಗೋ ಅಂದ್ಯಲ್ಲ?"

"ಮುಟ್ಬೇಡ ಅಂದೆ ಕಣೆ! ಗಾಳೀಲಿ ನಿಂಗೆ ಸರಿಯಾಗಿ ಕೇಳಿಸಿಲ್ಲ."

ಅವಳು ಅಪ್ಪನ ಮುಖ ನೋಡಿದಳು. ಒದ್ದೆ ಕೂದಲಿನಲ್ಲೇ ಅವರ ಕೋಟು ತಂದಳು.

ಆಸ್ಪತ್ರೆಯ ಡಾಕ್ಟರ್ ಆ ಅಣಬೆಯ ಹೆಸರೇ ಕೇಳಿರಲಿಲ್ಲ. ನನ್ನ ಫೋಟೊ ನೋಡಿ, ಯಾರಿಗೋ ಫೋನ್ ಮಾಡಿ ಬಂದಾಗ ಅವರ ಮುಖ ಬಿಗಿದಿತ್ತು. ಇವತ್ತು ಚೆನ್ನಾಗಿದ್ದರೆ ಸಾಲದು, ಮಾತು ತೊದಲುವಂಥ ಲಕ್ಷಣ ಕಾಣಿಸಿಕೊಳ್ಳಲು ವಾರಗಳೇ ಹಿಡಿಯಬಹುದು ಎಂದರು. ಗೆಳತಿಯ ತಂದೆಯನ್ನು ಅಡ್ಮಿಟ್ ಮಾಡಿಕೊಂಡರು. ಗೆಳತಿ ಕಾರಿಡಾರಿನಲ್ಲಿ ನನ್ನಿಂದ ದೂರ ಕುರ್ಚಿ ಹಿಡಿದಳು.

ಮರುದಿನ ಹೋದಾಗ "ನಿನ್ ಜೊತೆ ಬರಲೇಬಾರ್ದಿತ್ತು" ಎಂದಳು. ಮಂಚದ ಮೇಲಿದ್ದ ಅವಳ ತಂದೆ "ಅವಳನ್ನ ಯಾಕೆ ಬೈತೀಯ? ಓಡಿ ಬಂದವಳು ಅವಳೇ ತಾನೇ?" ಎಂದು ಮಗಳನ್ನು ಗದರಿದರು.

ಮನೆಗೆ ಕಳಿಸಿದ ಮೇಲೂ ರಕ್ತಪರೀಕ್ಷೆ ನಿಲ್ಲಲಿಲ್ಲ. ಪ್ರತಿ ಸಲವೂ ಅವಳ ಮೆಸೇಜ್ ಬರುವವರೆಗೆ ನಾನು ಫೋನ್ ಕೆಳಗಿಡುತ್ತಿರಲಿಲ್ಲ. ಅಪ್ಪನ ನಾಲಿಗೆ ಒಂಚೂರು ತೊದಲಿದರೂ ಅವಳು ಬೆಚ್ಚುತ್ತಿದ್ದಳಂತೆ. ಏನೂ ಆಗಲಿಲ್ಲ. ಕೊನೆಯ ರಿಪೋರ್ಟೂ ಸರಿಯಾಗಿ ಬಂದ ಸಂಜೆ ಅವಳು ನಮ್ಮ ಮನೆಗೇ ಬಂದಳು. ಬಾಗಿಲಲ್ಲಿ ನಿಂತು ನನ್ನ ಎರಡೂ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕೆಳಗೆ ಕಾರಿನಿಂದ ಅವಳ ತಂದೆ ಇಳಿಯುತ್ತಿದ್ದರು.