ನೋಟಿಸೂ ಯಶೋಗಾಥೆಯೂ

ದಾವಣಗೆರೆಯಲ್ಲಿ ನಮಗೆ ಎರಡು ದಿನ ನಾಯಕತ್ವದ ತರಬೇತಿ ಕೊಟ್ಟರು. ನಮಗೆ ಅಂದರೆ ಆರೋಗ್ಯ ಕೇಂದ್ರಗಳ ನರ್ಸುಗಳಿಗೆ. ಕಾಗದದ ಲೋಟಗಳಿಂದ ಗೋಪುರ ಕಟ್ಟಿಸಿದರು, ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಬ್ಬರ ಕೈಹಿಡಿದು ನಡೆಯಲು ಹೇಳಿದರು. ಆಪತ್ತಿನಲ್ಲಿ ಆದೇಶಕ್ಕೆ ಕಾಯಬಾರದು, ನಾವೇ ನಿರ್ಧಾರ ತೆಗೆದುಕೊಳ್ಳಬೇಕು ಎಂದು ಎಲ್ಲರಿಂದ ಮೂರು ಸಲ ಹೇಳಿಸಿದರು. ನಾನು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಹೇಳಿದೆ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಹರಿಹರದ ಮನೆಯ ಗೋಡೆಗೆ ತೂಗುಹಾಕಿದ್ದೂ ಆಯಿತು. ಆಶಾ ಕಾರ್ಯಕರ್ತೆಯರನ್ನು ಮಾತ್ರ ಕರೆದಿರಲಿಲ್ಲ. ಬಿಸಿಲಲ್ಲಿ ಮನೆಮನೆ ತಿರುಗುವವರಿಗೆ ನಾಯಕತ್ವ ಯಾತಕ್ಕೆ ಎಂದುಕೊಂಡಿರಬೇಕು.

ನಾನು ಕೆಲಸ ಮಾಡುವುದು ಮಲೆಬೆನ್ನೂರಿನ ಆಚೆ, ಭತ್ತದ ಗದ್ದೆಗಳ ನಡುವಿನ ಸಣ್ಣ ಆರೋಗ್ಯ ಕೇಂದ್ರದಲ್ಲಿ. ತರಬೇತಿ ಮುಗಿದು ತಿಂಗಳೂ ಆಗಿರಲಿಲ್ಲ. ನಾಟಿಯ ಕಾಲ. ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಆಶಾ ಒಬ್ಬ ತುಂಬು ಬಸುರಿಯನ್ನು ಕರೆತಂದಳು. ಮುಖ, ಕಾಲು ಬಾತುಕೊಂಡಿದ್ದವು. ತಲೆ ಸಿಡಿಯುತ್ತಿದೆ ಎಂದು ಆ ಹುಡುಗಿ ಹಣೆ ಒತ್ತಿಕೊಳ್ಳುತ್ತಿದ್ದಳು. ಬಿಪಿ ನೋಡಿದೆ, ವಿಪರೀತ ಏರಿತ್ತು. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರೂ ಉಳಿಯುವುದು ಕಷ್ಟ. ಆಂಬುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಹೇಗಾದರೂ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು, ಆದರೆ ಕಳಿಸುವ ಚೀಟಿಗೆ ನಮ್ಮ ವೈದ್ಯರ ಸಹಿ ಬೇಕು. ಅವರು ಮೀಟಿಂಗಿಗೆ ಹೋಗಿದ್ದರು, ಫೋನ್ ಎತ್ತಲಿಲ್ಲ. ಸಹಿಯಿಲ್ಲದೆ ಯಾರನ್ನೂ ಕಳಿಸಬಾರದೆಂಬುದು ನಮ್ಮ ಕೇಂದ್ರದಲ್ಲಿ ನಡೆದು ಬಂದ ಪದ್ಧತಿ. ಅದನ್ನು ಎಲ್ಲಿ ಬರೆದಿದ್ದಾರೋ, ಇವತ್ತಿಗೂ ನಾನು ಕಂಡಿಲ್ಲ. ಆದರೂ ಚೀಟಿ ತುಂಬಿ, ಸಹಿಯ ಜಾಗ ಖಾಲಿ ಬಿಟ್ಟು, ಅರ್ಧ ಗಂಟೆ ನೋಡೋಣ ಎಂದೆ. ಗೋಡೆಯ ಮೇಲೆ ಪ್ರಮಾಣಪತ್ರ ಇಟ್ಟುಕೊಂಡ ನಾಯಕಿ ನಾನು!

"ನೀವು ಕಾಯ್ರಿ ಸಿಸ್ಟರ್," ಎಂದಳು ಆಶಾ. "ಈ ಹುಡುಗಿಗೆ ಕಣ್ಣು ಮಂಜಾಗ್ತೈತಂತೆ. ನಾ ಕಾಯಲ್ಲ."

ರಸ್ತೆಗಿಳಿದು, ಗೊಬ್ಬರ ಇಳಿಸಿ ವಾಪಸ್ಸು ಹೊರಟಿದ್ದ ಗೂಡ್ಸ್ ಗಾಡಿಗೆ ಅಡ್ಡ ನಿಂತಳು. ಬಸುರಿಯನ್ನು ಮುಂದೆ ಕೂರಿಸಿ ತಾನು ಪಕ್ಕದಲ್ಲಿ ಒತ್ತಿಕೊಂಡು ಕೂತು ಹೊರಟೇಬಿಟ್ಟಳು. ಮಧ್ಯಾಹ್ನ ಆಪರೇಷನ್ ಆಯಿತು. ತಾಯಿ, ಮಗು ಇಬ್ಬರೂ ಉಳಿದರು. ಇನ್ನೊಂದು ತಾಸು ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ.

ನಾಲ್ಕು ದಿನಕ್ಕೆ, ಚೀಟಿಯಿಲ್ಲದೆ ಕೇಸು ಹೇಗೆ ಹೋಯಿತು ಎಂದು ಮೇಲಿನವರು ಕೇಳಿದರು. ನಮ್ಮ ವೈದ್ಯರು ಆಶಾಳಿಗೆ ನೋಟಿಸು ಕೊಡಲು ಹೇಳಿದರು. ಅನುಮತಿಯಿಲ್ಲದೆ ಗರ್ಭಿಣಿಯನ್ನು ಸಾಗಿಸಿದ್ದಕ್ಕೆ ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಅದರ ಒಕ್ಕಣೆ. ಕೇಂದ್ರದಲ್ಲಿ ಕನ್ನಡ ಟೈಪು ಬರುವುದು ನನಗೊಬ್ಬಳಿಗೆ. ಟೈಪು ಮಾಡಿದೆ. ಅದೇ ವಾರ ತರಬೇತಿಯವರು ಪ್ರತಿ ಕೇಂದ್ರದಿಂದ ಫೋಟೋ ಸಮೇತ ಒಂದು ಯಶೋಗಾಥೆ ಕೇಳಿದರು. ಇದೇ ಕೇಸು ಬರೆಯಿರಿ ಎಂದರು ವೈದ್ಯರು. ತರಬೇತಿಯ ಫಲವಾಗಿ ವೈದ್ಯರ ನೇತೃತ್ವದ ತಂಡ ತಕ್ಷಣ ನಿರ್ಧಾರ ಕೈಗೊಂಡು ಎರಡು ಜೀವ ಉಳಿಸಿತು ಎಂದು ಅದನ್ನೂ ನಾನೇ ಬರೆದೆ. ಬಾಣಂತಿಯ ಮಂಚದ ಪಕ್ಕ ವೈದ್ಯರು, ನಾನು ನಿಂತೆವು. ನಮ್ಮ ಚೀಲಗಳನ್ನು ಹಿಡಿದುಕೊಂಡು ಆಚೆ ನಿಲ್ಲಲು ಆಶಾಳಿಗೆ ಹೇಳಿದರು. ನಿಂತಳು. ಇದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ, ಮೊದಲು ನನ್ನ ಮೇಲೆಯೇ.

ಅವಳ ಗಂಡ ಹಾಸಿಗೆ ಹಿಡಿದಿದ್ದ. ಆ ಕೆಲಸವೇ ಮನೆಗೆ ಆಧಾರ. ನೋಟಿಸು ಹಿಡಿದು ಬಂದು ಏನು ಬರೆಯಲಿ ಎಂದು ಕೇಳಿದಳು. ತಪ್ಪಾಯಿತು, ಇನ್ನು ಮುಂದೆ ಸಹಿಯಿಲ್ಲದೆ ಕರೆದೊಯ್ಯುವುದಿಲ್ಲ ಎಂದು ಬರೆದುಕೊಡು ಎಂದೆ.

"ತಪ್ಪಾಗಿಲ್ಲಲ್ರಿ," ಎಂದಳು.

ಕೆಲಸ ಉಳಿಯಬೇಕಲ್ಲ ಎಂದೆ. ನಾನು ಹೇಳಿದಂತೆಯೇ ಬರೆದಳು. ಕೆಲಸ ಉಳಿಯಿತು. ದಾವಣಗೆರೆಯ ಸಭೆಯಲ್ಲಿ ನಾನು ಯಶೋಗಾಥೆ ಓದಿದೆ. ಚಪ್ಪಾಳೆಯೋ ಚಪ್ಪಾಳೆ. ಬಾಯಿ ಬಿಟ್ಟು ನಿಜ ಹೇಳಲು ಅಲ್ಲಿ ನನ್ನನ್ನು ತಡೆದವರು ಯಾರೂ ಇರಲಿಲ್ಲ.

ಕೊಯ್ಲಿನ ಹೊತ್ತಿಗೆ ಇನ್ನೊಬ್ಬ ಬಸುರಿ ಬಂದಳು. ಕರೆತಂದವಳು ಅದೇ ಆಶಾ. ರಕ್ತ ಹೋಗುತ್ತಿತ್ತು. ವೈದ್ಯರು ಆವತ್ತೂ ಇರಲಿಲ್ಲ. ಆಂಬುಲೆನ್ಸ್ ಮಾತ್ರ ಬಾಗಿಲಲ್ಲೇ ಇತ್ತು. ಹತ್ತಿಸು, ನಡಿ ಎಂದೆ. ಆಶಾ ಬೆಂಚಿನ ಮೇಲೆ ಬಸುರಿಯನ್ನು ಒರಗಿಸಿಕೊಂಡು ಕೂತೇ ಇದ್ದಳು.

"ಸಹಿ ಆಗ್ಲಿ ಸಿಸ್ಟರ್. ನಾ ಬರ್ಕೊಟ್ಟೀನಲ್ರಿ."

ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಕೂಗಾಡಲಿ? ಬರೆಸಿದವಳೇ ನಾನು. ಚೀಟಿ ತುಂಬಿ, ವೈದ್ಯರ ಸಹಿಯ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದು ಅವಳ ಕೈಗಿಟ್ಟೆ. ನೋಟಿಸು ಬಂದರೆ ನನಗೆ ಬರಲಿ, ಏಳು ಎಂದೆ. ಗೂಡ್ಸ್ ಗಾಡಿಗೆ ಅಡ್ಡ ನಿಂತಿದ್ದ ಆ ಹೆಂಗಸು ಚೀಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದಳು. ಸಹಿಯ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಎದ್ದಳು. ಅಷ್ಟರಲ್ಲಿ ಬಸುರಿಯ ಸೀರೆ ಪೂರ್ತಿ ನೆಂದುಹೋಗಿತ್ತು.