ಅಂಕಲ್ ಹೇಳಿದ ‘ಇಲ್ಲ’

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಗಣಿ ಕಂಪನಿಯ ಕೆಲಸ ಹೋದ ಮೇಲೆ ಎಂಟು ತಿಂಗಳು ನಮ್ಮ ಮನೆ ನಡೆದದ್ದೇ ಕ್ರೆಡಿಟ್ ಕಾರ್ಡುಗಳ ಮೇಲೆ. ಅವೂ ಕೈಕೊಟ್ಟಾಗ, ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿದ್ದ ಅಂಕಲ್ ಹನ್ನೆರಡು ಸಾವಿರ ಡಾಲರ್ ಕೈಸಾಲ ಕೊಟ್ಟರು. ಮಂಗಳೂರಿನ ಕಡೆಯವರು; ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದು, ಆಮೇಲೆ ಮಗಳಿರುವ ಊರೆಂದು ಇಲ್ಲಿಗೆ ಬಂದವರು. ಕಾಗದವಿಲ್ಲ, ಬಡ್ಡಿಯಿಲ್ಲ. ಭಾನುವಾರ ಚರ್ಚಿನಿಂದ ನೇರ ಬಂದು, ಕವರನ್ನು ನಮ್ಮ ಫ್ರಿಜ್ಜಿನ ಮೇಲಿಟ್ಟು, ಆ ಮಾತೇ ಎತ್ತದೆ ಚಹಾ ಕುಡಿದು ಹೋದರು.

ಕೊನೆಗೆ ಅಡಿಲೇಡ್‌ನಲ್ಲಿ ನೌಕಾಪಡೆಗೆ ಹಡಗು ಕಟ್ಟುವ ಕಡೆ ಕೆಲಸ ಸಿಕ್ಕಿತು. ಷರತ್ತು ಒಂದೇ: ಸರಕಾರದವರು ನನ್ನ ಪೂರ್ವಾಪರ ವಿಚಾರಿಸಿ ಸೆಕ್ಯುರಿಟಿ ಕ್ಲಿಯರೆನ್ಸ್ ಕೊಡಬೇಕು, ಕೊಡದಿದ್ದರೆ ಕೆಲಸವಿಲ್ಲ. ಬೆಡ್‌ಫರ್ಡ್ ಪಾರ್ಕ್‌ನ ಬಾಡಿಗೆ ಮನೆಯಲ್ಲಿ, ಇನ್ನೂ ಬಿಚ್ಚದ ಪೆಟ್ಟಿಗೆಗಳ ನಡುವೆ ಕೂತು ಫಾರಂ ತುಂಬಿದೆ. ಇರುವ ಸಾಲವನ್ನೆಲ್ಲ ಅದರಲ್ಲಿ ಬರೆಯಬೇಕಿತ್ತು. ಸಾಲದಲ್ಲಿ ಮುಳುಗಿದವನನ್ನು ಯಾರು ಬೇಕಾದರೂ ದುಡ್ಡು ತೋರಿಸಿ ಬಗ್ಗಿಸಬಹುದು ಎನ್ನುವುದು ಅವರ ತರ್ಕ. ನನಗೆ ಮೈ ಉರಿದುಹೋಯಿತು. ಸಾಲಗಾರನೆಂದ ಮಾತ್ರಕ್ಕೆ ನಾನು ದೇಶ ಮಾರುವವನೇ? ಆದರೆ ಆಫೀಸಿನವರು ಮೊದಲೇ ಎಚ್ಚರಿಸಿದ್ದರು: ಸಾಲ ಇದ್ದರೆ ವಿಚಾರಿಸುತ್ತಾರೆ, ಮುಚ್ಚಿಟ್ಟರೆ ಮಾತ್ರ ಅಲ್ಲಿಗೆ ಮುಗಿಯಿತು. ಹಾಗಾಗಿ ಕಾರ್ಡುಗಳ ಜೊತೆ ಕೈಸಾಲವನ್ನೂ ಬರೆದೆ. ನನ್ನನ್ನು ವರ್ಷಗಳಿಂದ ಬಲ್ಲವರು ಯಾರು ಎಂದು ಕೇಳಿದ್ದ ಕಡೆ ಅಂಕಲ್ ನಂಬರನ್ನೇ ಕೊಟ್ಟೆ.

ಫೋನ್ ಬರಬಹುದೆಂದು ಅವರಿಗೆ ತಿಳಿಸಿದೆ. ಸಾಲದ ವಿಷಯ ಬರೆದಿದ್ದೇನೆಂದು ಮಾತ್ರ ತಿಳಿಸಲಿಲ್ಲ. ಕೊಟ್ಟವರೇ ಎತ್ತದ ಮಾತನ್ನು ನಾನು ಹೇಗೆ ಎತ್ತಲಿ ಎಂಬ ಸಂಕೋಚ. ಅದೇ ನಾನು ಮಾಡಿದ ಮೂರ್ಖತನ.

ಒಂದು ಮಧ್ಯಾಹ್ನ ಅಂಕಲ್ ಖುಷಿಯಿಂದ ಫೋನ್ ಮಾಡಿದರು. "ನಿನ್ನ ಆಫೀಸಿನವರು ಮಾತಾಡಿದರು. ಒಳ್ಳೆಯದೇ ಹೇಳಿದ್ದೇನೆ. ನಿಮ್ಮಿಂದ ಹಣ ಏನಾದರೂ ತೆಗೊಂಡದ್ದು ಉಂಟಾ ಅಂತ ಕೇಳಿದರು. ಇಲ್ಲವೇ ಇಲ್ಲ ಅಂದೆ."

"ಅಂಕಲ್, ನಾನು ಫಾರಂನಲ್ಲಿ ಬರ್ದುಬಿಟ್ಟಿದ್ದೀನಿ. ನಿಮ್ಮ ಹೆಸರು, ಎಷ್ಟು ಅಂತ, ಎಲ್ಲಾ."

ಅಂಕಲ್ ದನಿ ತಗ್ಗಿಸಿ ಹೇಳಿದರು. "ಸರಕಾರದವರಿಗೆ ಸಾಲ ಉಂಟು ಅಂತ ಯಾರಾದರೂ ಬರೆದು ಕೊಡ್ತಾರಾ ಮಾರಾಯ? ಗಲ್ಫ್‌ನಲ್ಲಿ ನನ್ನ ರೂಮಿನವನನ್ನು ಪೊಲೀಸರು ಸಾಲಕ್ಕೇ ಹಿಡಿದುಕೊಂಡು ಹೋದದ್ದು."

"ನೀವೇ ವಾಪಸ್ ಫೋನ್ ಮಾಡಿ ನಿಜ ಹೇಳ್ಬೇಕು ಅಂಕಲ್. ಇಲ್ಲಾಂದ್ರೆ ನನ್ನ ಕೆಲಸ ಹೋಗತ್ತೆ."

"ನಾನು ಸುಳ್ಳು ಹೇಳಿದೆ ಅಂತ ನಾನೇ ಹೇಳಬೇಕಾ?"

"ಹೂಂ."

"ಆಯಿತು, ನೋಡುವ," ಎಂದು ಫೋನ್ ಇಟ್ಟರು.

ಆಮೇಲೆ ನಾನು ಅವರಿಗೆ ಫೋನ್ ಮಾಡಲಿಲ್ಲ. ಇಬ್ಬರೂ ಸೇರಿ ಮಾತು ಹೊಂದಿಸಿಕೊಂಡರು ಎಂದು ಯಾರಾದರೂ ತಿಳಿದಾರು ಎಂಬ ಹೆದರಿಕೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಹೊರಗೆ ಹೋಗಿ ಎತ್ತುತ್ತಿದ್ದೆ. ಪೆಟ್ಟಿಗೆಗಳನ್ನು ಬಿಚ್ಚುವುದನ್ನೇ ನಿಲ್ಲಿಸಿದೆವು. ಅಲ್ಲಾದರೂ ಬೇರೆ ಕೆಲಸ ಸಿಕ್ಕೀತೆಂದು ಹೆಂಡತಿ ಆಗಲೇ ಬ್ರಿಸ್ಬೇನ್‌ನ ಮನೆ ಬಾಡಿಗೆಗಳನ್ನು ನೋಡತೊಡಗಿದ್ದಳು. ಅಂಕಲ್ ನಿಜ ಹೇಳಿದರೋ ಇಲ್ಲವೋ ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಕ್ಲಿಯರೆನ್ಸ್ ಬಂತು. ಅಂಕಲ್‌ಗೆ ಫೋನ್ ಮಾಡಿದೆ. "ಒಳ್ಳೆದಾಯಿತು," ಎಂದಷ್ಟೇ ಹೇಳಿದರು.

ಮುಂದಿನ ವರ್ಷ ಕೊನೆಯ ಕಂತು ಕೊಡಲು ಪರ್ತ್‌ಗೆ ಹೋದೆ. ಅಂಕಲ್ ಮೀನು ತರಲು ಹೋಗಿದ್ದರು. ಆಂಟಿ ಚಹಾ ಕೊಟ್ಟು ಎದುರಿಗೆ ಕೂತರು.

"ಆ ದಿನ ಆಫೀಸಿನವರಿಗೆ ವಾಪಸ್ ಫೋನ್ ಮಾಡುವ ಮೊದಲು ಇವರು ಬ್ಯಾಗ್ ತುಂಬಿಸಿದರು," ಎಂದರು. "ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ, ಜಪಮಾಲೆ. ಪೊಲೀಸರು ಬಂದರೆ ಆಗ ಹುಡುಕುವುದು ಬೇಡ ಅಂತ. ಫೋನ್ ಮಾಡಿ ಎಲ್ಲ ಹೇಳಿದ ಮೇಲೂ ಒಂದು ವಾರ ಆ ಬ್ಯಾಗ್ ಬಾಗಿಲ ಹತ್ತಿರವೇ ಇತ್ತು."

ಆ ಒಂದು ವಾರ ಅವರು ನನ್ನ ಫೋನಿಗಾಗಿ ಕಾದಿದ್ದರಂತೆ.